ಹಸಿವಿಲ್ಲದ ಮೀನಿಗೆ ಗರಿಯ ಗಾಳ

ಪ್ರಶ್ನೆ: ಚಳಿಗಾಲದ ಸ್ಟೀಲ್‌ಹೆಡ್ ಮೀನು ನದಿಯಲ್ಲಿ ಹೆಚ್ಚೇನೂ ತಿನ್ನುವುದಿಲ್ಲವಂತೆ. ಮತ್ತೆ ಗರಿ ಕಟ್ಟಿದ ಗಾಳವನ್ನೇಕೆ ಕಚ್ಚುತ್ತದೆ?

ಉತ್ತರ: ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ರೇನ್‌ಬೋ ಟ್ರೌಟ್ ಈ ಸ್ಟೀಲ್‌ಹೆಡ್. ಅದು ಕಚ್ಚುವುದು ಕೆರಳಿ, ಇಲ್ಲವೇ ಕಡಲಿನ ಬೇಟೆಯ ಹಳೇ ಚಾಳಿಯಿಂದ ಎಂಬುದು ಗಾಳಗಾರರ ಅನುಭವದ ಮಾತು. ಅದಕ್ಕೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ನದಿಗೆಂದು 1990ರ ದಶಕದಲ್ಲಿ ಎಡ್ ವಾರ್ಡ್ ಮತ್ತು ಗೆಳೆಯರು ರೂಪಿಸಿದ ‘ಇಂಟ್ರೂಡರ್’ ಎಂಬ ಗರಿಗಾಳ ಯಾವ ಕೀಟವನ್ನೂ ಹೋಲುವುದಿಲ್ಲ. ಅದಕ್ಕೆ ಉಷ್ಟ್ರಪಕ್ಷಿಯದಂಥ ಉದ್ದ ಗರಿಗಳನ್ನು ಹಿಂದೆ ಮುಂದೆ ಎರಡು ಕಡೆ ಸುತ್ತಿ ಕಟ್ಟುತ್ತಾರೆ. ನೀರಿನಲ್ಲಿ ಅದು ಅರಳಿ ಮಿಡಿಯುವುದು ನಿಜಕ್ಕೂ ಚೆಂದ! ಕೊರೆಯುವ ನೀರಿನಲ್ಲಿ ಮೀನು ದೂರ ಬರುವುದಿಲ್ಲ. ಗಾಳವೇ ಆಳಕ್ಕಿಳಿದು ಅದರ ಮೂತಿಯ ಮುಂದೆ ನಿಧಾನವಾಗಿ ಹಾಯಬೇಕು. ಆದರೆ ಗಾಳ ಹಾಕುವ ಮುನ್ನ ಒಂದು ಮಾತು ನೆನಪಿರಲಿ: ಸ್ಕ್ಯಾಗಿಟ್ ಸೇರುವ ಪ್ಯೂಜೆಟ್ ಸೌಂಡ್ ಪ್ರದೇಶದ ಸ್ಟೀಲ್‌ಹೆಡ್ 2007ರಿಂದ ಅಳಿವಿನ ಭೀತಿಯ ಪಟ್ಟಿಯಲ್ಲಿದೆ.