ಮೂರು ಎಣಿಸುವಷ್ಟು ಹೊತ್ತು

ಬಿ.ಎಡ್. ವ್ಯಾಸಂಗವು 2015ರಿಂದ ಎರಡು ವರ್ಷಗಳದ್ದಾದುದನ್ನು ಹೊರೆಯೆಂದವರುಂಟು. ಶಾಲೆಯೊಳಗಿನ ತರಬೇತಿಗೆ 20 ವಾರಗಳು ದೊರೆತದ್ದು ಅಲ್ಪ ಲಾಭವಲ್ಲವೆಂದು ನಾವು ಭಾವಿಸುತ್ತೇವೆ. ಮೊನ್ನೆ ನಮ್ಮಲ್ಲಿಗೆ ಬಂದ ಪ್ರಶಿಕ್ಷಣಾರ್ಥಿಯೊಬ್ಬಳು ಹೇಳಿದಳು: “ಗುರುಗಳೇ, ಮೊದಲ ಪಾಠದಲ್ಲಿ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ ಆಯಿತು. ಮಕ್ಕಳ ಮೌನಕ್ಕೆ ಅಂಜಿದೆ. ಹಿಂದಿನ ಸಾಲಿನ ಹುಡುಗಿ ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು.”

ಅಮೆರಿಕದ ವಿದುಷಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. 3 ಸೆಕೆಂಡು ಕಾದರೆ ಮಕ್ಕಳ ಉತ್ತರ ವಿಸ್ತಾರವಾಗುತ್ತದೆ. ಮಠದ ಪಾಠಶಾಲೆಯಲ್ಲಿ ಬೋಧಿಸುವಾಗ ನಮ್ಮ ಆತುರ ಎಷ್ಟು ಬಾಯಿಗಳನ್ನು ಮುಚ್ಚಿಸಿತೋ!

ಈಗ ಆಕೆ ಮನದಲ್ಲಿಯೇ ಮೂರು ಎಣಿಸುತ್ತಾಳೆ. ಕಳೆದ ವಾರ ಆ ಹುಡುಗಿ ಉತ್ತರಿಸಿದಳಂತೆ. ಉತ್ತರ ತಪ್ಪಾಗಿತ್ತು, ಅದನ್ನು ಹೇಳುವಾಗ ಈಕೆಯ ಮುಖ ಅರಳಿತ್ತು.