ಇದ್ದಿಲು ತಿಂದು ಓಡಿದ ಬಸ್ಸು

ಎರಡನೇ ಮಹಾಯುದ್ಧದ ಕಾಲದ ‘ಇದ್ದಿಲು ಬಸ್ಸು’ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಅದು ರೈಲಿನಂತೆ ಉಗಿಯಿಂದ ಓಡುತ್ತಿತ್ತು ಎಂದು ಹಲವರು ಭಾವಿಸುವುದುಂಟು. ಆದರೆ ಅದರ ಎಂಜಿನ್ ಮಾಮೂಲಿ ಪೆಟ್ರೋಲ್ ಎಂಜಿನ್ನೇ. ಬದಲಾದದ್ದು ಅದರ ಆಹಾರ ಮಾತ್ರ.

1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ತೈಲ ನಿಂತುಹೋಯಿತು. ಇದ್ದ ಪೆಟ್ರೋಲಿನ ಮೇಲೆ ಸೈನ್ಯಕ್ಕೇ ಮೊದಲ ಹಕ್ಕು. ಆಗ ಬಸ್ಸಿನ ಹಿಂಬದಿಗೆ ಉದ್ದನೆಯ ಕಬ್ಬಿಣದ ಉರುಳೆಯೊಂದು ಬಂದು ಕೂತಿತು. ಅದರ ತುಂಬ ಇದ್ದಿಲು ಸುರಿದು ಬೆಂಕಿ ಹಾಕಿ, ಒಬ್ಬಾತ ತಿದಿಯ ಹಿಡಿಕೆ ತಿರುಗಿಸಿ ಕೆಂಡ ಮಾಡಬೇಕಿತ್ತು.

ಗಾಳಿ ಸಾಕಷ್ಟು ಸಿಗದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ತೇವವಿದ್ದರೆ ಅದರೊಡನೆ ಹೈಡ್ರೋಜನ್ ಕೂಡ. ಇವೆರಡೂ ಉರಿಯುವಂಥವು. ಬೂದಿ, ಮಸಿ ಸೋಸಿ, ತಣಿಸಿ, ಗಾಳಿ ಬೆರೆಸಿ ಎಂಜಿನ್ನಿಗೆ ಬಿಟ್ಟರೆ ಬಸ್ಸು ಹೊರಡುತ್ತಿತ್ತು.

ಇದು ಹೊಸ ವಿದ್ಯೆಯೇನಲ್ಲ. 1860ರಲ್ಲಿ ಪ್ಯಾರಿಸ್ಸಿನ ಲೆನ್ವಾರ್, 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಓಡಿಸಿದ ಎಂಜಿನ್‌ಗಳು ಕಲ್ಲಿದ್ದಲಿನ ಅನಿಲವನ್ನೇ ನಂಬಿದ್ದವು. ತುಂಬಿಕೊಂಡು ಒಯ್ಯಲು ಸುಲಭವೆಂದು ಪೆಟ್ರೋಲ್ ಆಮೇಲೆ ಗೆದ್ದಿತು.

ಇದ್ದಿಲಿನ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಉರಿಯದ ನೈಟ್ರೋಜನ್. ಹಾಗಾಗಿ ಎಂಜಿನ್ನಿನ ಶಕ್ತಿ ಕುಗ್ಗಿ, ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು. ಅದಕ್ಕಿಂತ ದೊಡ್ಡ ಭಯ ಕಾರ್ಬನ್ ಮೊನಾಕ್ಸೈಡಿನದು. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಸೋರಿದರೆ ಪ್ರಾಣಕ್ಕೇ ಎರವು. ಯುದ್ಧ ಮುಗಿದು ಪೆಟ್ರೋಲ್ ಮರಳಿದಾಗ ಉರುಳೆಗಳು ಗುಜರಿ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ತತ್ವ ಗುಜರಿಗೆ ಹೋಗಲಿಲ್ಲ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇಂಥದೇ ವ್ಯವಸ್ಥೆ ಹೂಡಿದರು. ಈ ಬಾರಿ ಒಲೆಗೆ ಬಿದ್ದದ್ದು ಸೌದೆ, ತಿರುಗಿದ್ದು ಡೀಸೆಲ್ ಎಂಜಿನ್. ಅನಿಲ ಬೆರೆತಷ್ಟೂ ಡೀಸೆಲ್ ಉಳಿಯಿತು. ವಿದ್ಯುತ್ ಕಾಣದಿದ್ದ ಮನೆಗಳಲ್ಲಿ ದೀಪ ಹತ್ತಿತು, ಮುಂದೆ ಕುಡಿಯುವ ನೀರಿಗೂ ಹಿಟ್ಟಿನ ಗಿರಣಿಗೂ ಅದೇ ಆಸರೆಯಾಯಿತು.

ಅಲ್ಲಿಯೂ ಎಂಜಿನ್ ತಾನಾಗಿ ನಡೆಯಲಿಲ್ಲ. ಸೌದೆ ಬೆಳೆಯಬೇಕು, ಕಡಿದು ಒಣಗಿಸಬೇಕು, ಮಸಿ ತೆಗೆಯಬೇಕು. ಪೆಟ್ರೋಲ್ ನಮಗೆ ಉಳಿಸಿಕೊಟ್ಟದ್ದು ಈ ದುಡಿಮೆಯನ್ನೇ. ತೈಲ ನಿಂತಾಗಲೆಲ್ಲ ಅದು ಯಾರದಾದರೂ ಹೆಗಲಿಗೆ ಮರಳುತ್ತದೆ.