‘ಒಲ್ಲೆ’ ಎನ್ನುವ ಪಾಠ

ಜೋಳದ ರಾಶಿಯ ದಿನಗಳಲ್ಲಿ ನಂದೇಶ್ವರದ ಸುತ್ತಿನ ಹೊಲಗಳಿಗೆ ಹೋದರೆ, ಬುತ್ತಿಗಂಟಿನೊಡನೆ ತಂಬಾಕು-ಸುಣ್ಣದ ಡಬ್ಬಿಯೂ ಕೈಯಿಂದ ಕೈಗೆ ಸಾಗುವುದನ್ನು ಕಾಣುತ್ತೇವೆ. ಮನೆಯಲ್ಲಿ ಅಜ್ಜಿ ಮಿಸ್ರಿಯಿಂದ ಹಲ್ಲುಜ್ಜುತ್ತಾಳೆ. ಅದು ಸುಟ್ಟ ತಂಬಾಕಿನ ಪುಡಿಯೆಂದು ಮೊಮ್ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಅಂಗಡಿಯಿಂದ ಮಾವಾ ತರುವ ಕೆಲಸವಂತೂ ಹುಡುಗರದೇ.

ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ಮಹಾರಾಷ್ಟ್ರ ಸರ್ಕಾರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಆದರೂ 2016-17ರ ಸಮೀಕ್ಷೆಯಲ್ಲಿ ಈ ರಾಜ್ಯದ ಹದಿನೈದು ದಾಟಿದವರ ಪೈಕಿ ಶೇಕಡಾ 26.6 ಮಂದಿ ತಂಬಾಕು ಬಳಸುವವರೆಂದು ಕಂಡುಬಂತು. ಅವರಲ್ಲಿ ಹೆಚ್ಚಿನವರು ಸೇದುವವರಲ್ಲ, ಬಾಯಿಗೆ ಹಾಕಿಕೊಳ್ಳುವವರು.

ನಾವೂ ವರ್ಷಗಟ್ಟಲೆ ಯುವಜನರಿಗೆ ಬಾಯಿ ಕ್ಯಾನ್ಸರಿನ ಚಿತ್ರ ತೋರಿಸಿ ಉಪನ್ಯಾಸ ಕೊಟ್ಟೆವು. ಆ ಪಾಠವನ್ನು ಚೆನ್ನಾಗಿ ಒಪ್ಪಿಸಿದ ಹುಡುಗನೊಬ್ಬ ಮರುವಾರವೇ ಕಣದಲ್ಲಿ ಕಾಕಾ ಕೊಟ್ಟ ಚಿಟಿಕೆಯನ್ನು ತುಟಿಯೊಳಗೆ ಇಟ್ಟುಕೊಂಡಿದ್ದ. ಕೇಳಿದರೆ, “ದೊಡ್ಡಾವ್ರು ಕೊಟ್ರ ಹ್ಯಾಂಗ ಒಲ್ಲೆ ಅನ್ಲಿ ಫಾದರ್?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಅದನ್ನು ನಾವು ಕಲಿಸಿರಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿಯೇ ಹತ್ತು ಜೀವನ ಕೌಶಲ್ಯಗಳನ್ನು ಹೆಸರಿಸಿತ್ತು. ನಿರ್ಧಾರ ಕೈಗೊಳ್ಳುವುದು, ಮನಸ್ಸಿನ ಒತ್ತಡ ತಾಳುವುದು, ಮನಸ್ಸಿನಲ್ಲಿರುವುದನ್ನು ಸರಿಯಾಗಿ ಹೇಳುವುದು ಅವುಗಳಲ್ಲಿ ಸೇರಿವೆ. ಬೆಂಗಳೂರಿನ ನಿಮ್ಹಾನ್ಸ್ ಇವನ್ನೇ ಶಾಲಾ ಶಿಕ್ಷಕರಿಗಾಗಿ ಪಾಠಗಳನ್ನಾಗಿ ಸಿದ್ಧಪಡಿಸಿದೆ. ಈಜಿನಂತೆ ಇವನ್ನೂ ಮಾಡಿಯೇ ಕಲಿಯಬೇಕು.

ಆದ್ದರಿಂದ ಯುವಜನರ ಕೂಟದಲ್ಲಿ ಉಪನ್ಯಾಸ ಬಿಟ್ಟು ಆಟ ಹೂಡಿದೆವು. ಒಬ್ಬ ಕಾಕಾ, ಇನ್ನೊಬ್ಬ ಹುಡುಗ. (ಕಾಕಾನ ಪಾತ್ರಕ್ಕೇ ನೂಕುನುಗ್ಗಲು!) “ಒಲ್ಲೆ ಕಾಕಾ, ನನಗ ಬ್ಯಾಡ. ನೀರು ತರ್ಲೇನು?” ಎಂಬ ಮಾತಿನಲ್ಲಿ ಹಿರಿಯರ ಮರ್ಯಾದೆಯೂ ಉಳಿಯುತ್ತದೆ. ಆದರೆ ಕಾಕಾ ಬಿಡಲಿಲ್ಲ: “ಗಂಡಸಲ್ಲೇನೋ ನೀ?” ಹುಡುಗ ತಡವರಿಸಿದ. ಎಲ್ಲರೂ ನಕ್ಕರು. ಅಲ್ಲಿಯೇ ಆಟ ನಿಲ್ಲಿಸಿ, ಏನು ಹೇಳಬಹುದೆಂದು ಅವರನ್ನೇ ಕೇಳಿದೆವು. “ಚೀಲ ಹೊರೂದ್ರಾಗ ನೋಡ್ರಿ ಕಾಕಾ ನನ್ನ ಗಂಡಸ್ತನ” ಎಂಬ ಉತ್ತರ ಹಿಂದಿನ ಸಾಲಿನಿಂದ ಬಂತು. ಅದನ್ನೇ ನಾಲ್ಕಾರು ಸಲ ಆಡಿಸಿದೆವು.

ತಂದೆತಾಯಂದಿರೇ, ಮಾವಾ ತರಲು ಮಕ್ಕಳನ್ನು ಕಳುಹಿಸಬೇಡಿ. ಮಗುವಿನ ಕೈಗೆ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯಿದೆಯಂತೆ ಏಳು ವರ್ಷದವರೆಗೆ ಸೆರೆವಾಸವಿದೆ. ಬಿಡಬೇಕೆನ್ನುವ ಹಿರಿಯರು 1800-11-2356ಕ್ಕೆ ಉಚಿತವಾಗಿ ಫೋನು ಮಾಡಬಹುದು. ಮುಂದಿನ ಕೂಟಕ್ಕೆ ನಿಜವಾದ ಕಾಕಾಗಳೂ ಬರಲಿ. ಹುಡುಗನ ಪಾತ್ರವನ್ನು ಅವರಿಗೇ ಕೊಡುತ್ತೇವೆ.